ಶಂಕ್ರವ್ವನ ಒಂಟಿ ಪದ

ಭಾಷೆ ಕಲಿಸುವ ಕಂಪನಿಗಳು ಹಾಡಿನ ಸ್ಪರ್ಧೆಗಳಿಗೆ ಪ್ರಾಯೋಜಕರಾಗಿ ಬಂದಾಗ ಯಾರೂ ಅದನ್ನು ದೊಡ್ಡ ಸಂಗತಿಯೆಂದು ಎಣಿಸಲಿಲ್ಲ. ಮೊದಲು ಸೋಪಿನವರು ಇದ್ದರು, ಆಮೇಲೆ ಫೋನಿನವರು ಬಂದರು, ಈಗ ಇವರು. ವೇದಿಕೆಯ ಹಿಂದಿನ ಹೆಸರು ಬದಲಾಯಿತು, ಅಷ್ಟೇ ಎಂದುಕೊಂಡರು. ಆದರೆ ಮೂರನೆಯ ವರ್ಷಕ್ಕೆ ಲೋಕ್ವಾ ಎಂಬ ಕಂಪನಿ ಮೂವತ್ತಾರು ಭಾಷೆಗಳ ಸ್ಪರ್ಧೆಯನ್ನು ಪೂರ್ತಿಯಾಗಿ ತನ್ನ ಕೈಗೆ ತೆಗೆದುಕೊಂಡು, ಹಾಡು ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುತ್ತಿದ್ದ ತೀರ್ಪುಗಾರರನ್ನು ಮನೆಗೆ ಕಳಿಸಿತು. ಅವರ ಜಾಗಕ್ಕೆ ಕೊರಳಪಟ್ಟಿ ಬಂತು.

ಕೊರಳಪಟ್ಟಿ ಎಂದರೆ ಒಂದು ಬೆರಳಗಲದ ಮೆತ್ತನೆಯ ಪಟ್ಟಿ. ಮನುಷ್ಯ ಒಂದು ಮಾತನ್ನು ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲಿಯೇ ಅಂದುಕೊಂಡರೂ ಅವನ ಗಂಟಲಿನ ನರಗಳು ತುಸು ಅಲುಗುತ್ತವೆ. ಆ ಅಲುಗಾಟವನ್ನು ಪಟ್ಟಿ ಓದುತ್ತಿತ್ತು. ಲೋಕ್ವಾದಲ್ಲಿ ಭಾಷೆ ಕಲಿಯುವ ಕೋಟಿಗಟ್ಟಲೆ ಜನ ಅದನ್ನು ಕಟ್ಟಿಕೊಂಡು ಸ್ಪರ್ಧೆ ನೋಡುತ್ತಿದ್ದರು. ಸ್ಪರ್ಧೆಗೆ ಆರು ವಾರ ಮೊದಲೇ ಪ್ರತಿಯೊಂದು ಹಾಡೂ ಪಾಠವಾಗಿ ಅವರಿಗೆ ಬರುತ್ತಿತ್ತು. ವೇದಿಕೆಯ ಮೇಲೆ ಹಾಡುಗಾರ ಮುಂದಿನ ಮಾತನ್ನು ಹೇಳುವುದಕ್ಕೆ ಮೊದಲು ಕೇಳುಗನ ಗಂಟಲು ಅದನ್ನು ಹೇಳಿಕೊಂಡರೆ ಒಂದು ಅಂಕ. ಯಾರ ಹಾಡು ಹೆಚ್ಚು ಗಂಟಲುಗಳಲ್ಲಿ ಕೂತಿತೋ ಅವರಿಗೆ ಗೆಲುವು.

ಹೀಗಾದ ಮೇಲೆ ಹಾಡುಗಳು ತಾವಾಗಿಯೇ ಸವೆದವು. ಯಾರೂ ಹೊಸ ತಿರುವನ್ನು ತೆಗೆದುಕೊಳ್ಳುತ್ತಿರಲಿಲ್ಲ. ಮುಂದೇನು ಬರುತ್ತದೆಂದು ಎಲ್ಲರಿಗೂ ಗೊತ್ತಿರುವ ಹಾಡನ್ನು ಎಲ್ಲ ದೇಶದವರೂ ಹಾಡತೊಡಗಿದರು.

ಈ ಲೋಕ್ವಾ ಇಲಕಲ್ಲಿಗೆ ಬಂದದ್ದು ಕಾಶವ್ವನ ಸಲುವಾಗಿ.

ಕಾಶವ್ವ, ಶಂಕ್ರವ್ವ ಇಬ್ಬರೂ ನೇಕಾರರ ಓಣಿಯ ಅಕ್ಕತಂಗಿಯರು. ಶಂಕ್ರವ್ವ ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ಅಕ್ಕನ ಮನೆಗೆ ಬಂದವಳು. ಐವತ್ತೆರಡು ವರ್ಷ ಇಬ್ಬರೂ ಎದುರುಬದುರು ಕೂತು ರಾಟಿ ತಿರುಗಿಸಿ ನೂಲು ಸುತ್ತಿದರು, ಹಾಡಿದರು. ಆ ಓಣಿಯಲ್ಲಿ ಹೆಂಗಸರು ಜೋಡಿಯಾಗಿ ಹಾಡುವುದು ವಾಡಿಕೆ. ಒಬ್ಬಳು ಎತ್ತುವವಳು, ಇನ್ನೊಬ್ಬಳು ಹಿಡಿಯುವವಳು. ಎತ್ತುವವಳು ಒಂದು ಸಾಲು ಹೇಳಿದರೆ ಹಿಡಿಯುವವಳು ಅದಕ್ಕೆ ಜವಾಬು ಕೊಡುತ್ತಾಳೆ. ಕಾಶವ್ವ ಎತ್ತುವವಳು. ಶಂಕ್ರವ್ವ ತನ್ನ ಎಪ್ಪತ್ತೊಂದು ವರ್ಷದಲ್ಲಿ ಒಂದು ಸಾಲನ್ನೂ ತಾನಾಗಿ ಎತ್ತಿದವಳಲ್ಲ.

ಕಂಪನಿಯವರು ಕಾಶವ್ವನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ನಲವತ್ತು ದಿನ ಗಾಜಿನ ಕೋಣೆಯಲ್ಲಿ ಕೂಡಿಸಿ ಮಾತಾಡಿಸಿದರು, ನಲವತ್ತೊಂದು ಹಾಡು ಹಾಡಿಸಿದರು. ಅಂದಿನಿಂದ ಎಲ್ಲೆಲ್ಲಿಯದೋ ದೇಶದ ಜನ ಕಾಶವ್ವನ ದನಿಯಿಂದ ಕನ್ನಡ ಕಲಿಯತೊಡಗಿದರು. ಎಂದೂ ಬಿಸಿಲು ಕಾಣದ ಊರುಗಳಲ್ಲಿ ಕುಳಿತು ಅವರು "ಯವ್ವಾ, ಏನ್ ಬಿಸಲೈತಿ" ಎಂದು ಹೇಳುವುದನ್ನು ಫೋನಿನಲ್ಲಿ ಕೇಳಿ ಇಡೀ ಓಣಿ ನಕ್ಕಿತ್ತು. ಮರುವರ್ಷ ಕಾರ್ತಿಕದಲ್ಲಿ ಕಾಶವ್ವ ಜ್ವರವೆಂದು ಮಲಗಿದಳು, ನಾಲ್ಕನೆಯ ದಿನ ಬನಶಂಕರಿಯ ಪಾದ ಸೇರಿದಳು.

ಅದಾಗಿ ಎರಡು ತಿಂಗಳಿಗೆ ಕಂಪನಿಯಿಂದ ಕುಲಗೋಡ ಎಂಬ ಅಧಿಕಾರಿ ಬಂದ. ಕಾಶವ್ವನ ದನಿಯಿಂದ ಹಾಡುವ ಯಂತ್ರ ಮಾಡಿದ್ದೇವೆ, ಅದು ಎತ್ತುತ್ತದೆ, ನೀವು ಹಿಡಿಯಿರಿ, ಈ ಸಲದ ಸ್ಪರ್ಧೆಗೆ ಕನ್ನಡದ ಪರವಾಗಿ ನೀವೇ ಎಂದ. ಗೆದ್ದರೆ ಆ ದನಿಪೆಟ್ಟಿಗೆ ಶಂಕ್ರವ್ವನ ಮನೆಯಲ್ಲಿ ಅವಳ ಜೀವ ಇರುವವರೆಗೂ ಇರುತ್ತದೆ. ಸೋತರೆ ಕಂಪನಿಗೆ ವಾಪಸು. ಶಂಕ್ರವ್ವ ಬೇರೆ ಯಾವ ಮಾತನ್ನೂ ಕೇಳಲಿಲ್ಲ. ಎಲ್ಲಿ ಹೆಬ್ಬೆಟ್ಟು ಒತ್ತಬೇಕೆಂದು ಮಾತ್ರ ಕೇಳಿದಳು.

ಅಭ್ಯಾಸಕ್ಕೆಂದು ಪೆಟ್ಟಿಗೆಯನ್ನೂ ಒಂದು ಕೊರಳಪಟ್ಟಿಯನ್ನೂ ಮನೆಗೇ ಕೊಟ್ಟರು. ಪೆಟ್ಟಿಗೆ ಅಡಕೆ ತಟ್ಟೆಯಷ್ಟು ದೊಡ್ಡದು. ಶಂಕ್ರವ್ವ ಅದನ್ನು ರಾಟಿಯ ಎದುರು ಅಕ್ಕನ ಚಾಪೆಯ ಮೇಲಿಟ್ಟು ಕೊರಳಿಗೆ ಪಟ್ಟಿ ಕಟ್ಟಿಕೊಂಡಳು.

"ಹಸರ ಸೀರಿಗಿ ಕೆಂಪು ಸೆರಗಿಟ್ಟು" ಎಂದಿತು ಪೆಟ್ಟಿಗೆ, ಕಾಶವ್ವನ ದನಿಯಲ್ಲಿ.

"ಯಾರ ಮನಿ ಮಗಳೀಗಿ ನೇದೆವ್ವ" ಎಂದು ಹಿಡಿದ ಶಂಕ್ರವ್ವನ ಕಣ್ಣಲ್ಲಿ ನೀರು ನಿಲ್ಲಲಿಲ್ಲ.

ಅಡಿಗೆಮನೆಯಲ್ಲಿದ್ದ ಸುವರ್ಣಾ, ಕಾಶವ್ವನ ಸೊಸೆ, ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇಪ್ಪತ್ತೆರಡು ವರ್ಷ ಆ ದನಿ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಾವು. ಈಗ ಅತ್ತಿ ಹ್ವಾದ್ರೂ ಅತ್ತಿ ಬಾಯಿ ಹೋಗ್ಲಿಲ್ಲ ನೋಡು."

"ನಿನಗ ಬೈಯಂಗಿಲ್ಲ ಇದು. ಹಾಡ್ತೈತಿ ಅಷ್ಟ."

"ಬೈದಿದ್ರನ ಚಲೋ ಇತ್ತು" ಎಂದಳು ಸುವರ್ಣಾ. ಹತ್ತಿರಕ್ಕೆ ಬಂದು, "ಚಿಗವ್ವಾ, ಒಂಟಿ ಪದ ಯಾವಾಗ ಹಾಡಾಕಿ? ಹನ್ನೊಂದನೇ ದಿನ ಹಾಡ್ಬೇಕಿತ್ತು. ಎರಡು ತಿಂಗಳಾತು. ಓಣ್ಯಾಗ ಮಂದಿ ನನ್ನ ಕೇಳ್ತಾರ" ಎಂದಳು.

ಜೋಡಿಯಲ್ಲಿ ಒಬ್ಬಳು ತೀರಿಕೊಂಡರೆ ಉಳಿದವಳು ಹನ್ನೊಂದನೆಯ ದಿನ ಒಬ್ಬಳೇ ಕೂತು ಹಾಡಬೇಕು. ಎತ್ತುವುದೂ ತಾನೇ, ಹಿಡಿಯುವುದೂ ತಾನೇ. ಹೋದವಳಿಗೆ ಅವಳು ಹೋದ ಮೇಲೆ ಮನೆಯಲ್ಲಿ, ಓಣಿಯಲ್ಲಿ ನಡೆದದ್ದನ್ನೆಲ್ಲ ಹಾಡಿನಲ್ಲಿ ಹೇಳಬೇಕು. ಅದನ್ನು ಕೇಳಿಕೊಂಡು ಜೀವ ಮುಂದಕ್ಕೆ ಹೋಗುತ್ತದೆ, ಅಲ್ಲಿಯವರೆಗೆ ಹೊಸ್ತಿಲ ಮೇಲೆ ಕೂತಿರುತ್ತದೆ ಎಂದು ಹಿರಿಯರ ನಂಬಿಕೆ.

"ಕೂತಿರ್ಲಿ" ಎಂದಳು ಶಂಕ್ರವ್ವ. "ಹೊಸ್ತಿಲದ ಮ್ಯಾಲೆ ಕುಂತ್ರ ನಿನಗೇನು ಭಾರ?"

ದಿನವೂ ಮುಂಜಾನೆ ದೇವರ ಮುಂದೆ ದೀಪ ಹಚ್ಚಿ ಅವಳು ಪೆಟ್ಟಿಗೆಯ ಎದುರು ಕೂಡುತ್ತಿದ್ದಳು. ಮೊದಲ ತಿಂಗಳು ಹಬ್ಬದಂತೆ ಹೋಯಿತು. ಒಂದು ದಿನ ಮನಸ್ಸಿನಲ್ಲಿ ತವರಿನ ಬಾವಿಯ ಹಾಡು ಸುಳಿದದ್ದೇ ತಡ, ಪೆಟ್ಟಿಗೆ ಅದನ್ನೇ ಎತ್ತಿತು. ನನ್ನ ಮನಸ್ಸಿನಲ್ಲಿ ಇದ್ದದ್ದು ಅಕ್ಕನಿಗೆ ತಿಳಿಯಿತು ಎಂದು ಅವಳು ಪೆಟ್ಟಿಗೆಗೆ ಕೈಮುಗಿದಳು. ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ ಹಾಗೇ. ಎರಡನೆಯ ತಿಂಗಳು ಮುಗಿಯುವಷ್ಟರಲ್ಲಿ ಶಂಕ್ರವ್ವನಿಗೆ ಹಾಡಿ ಎದ್ದರೆ ಮೈಕೈ ಸೋತು ಬರತೊಡಗಿತು. ನೂಲು ಸುತ್ತಿದ್ದರೆ ಆಗುವ ದಣಿವಲ್ಲ ಇದು. ಒಬ್ಬಳೇ ಎರಡೂ ಕಡೆಯ ಭಾರ ಹೊತ್ತ ಹಾಗೆ ಆಗುತ್ತಿತ್ತು. ಯಾಕೆಂದು ತಿಳಿಯಲಿಲ್ಲ.

ತಿಳಿದದ್ದು ಹುಬ್ಬಳ್ಳಿಯಲ್ಲಿ. ಹದಿನೈದು ದಿನಕ್ಕೊಮ್ಮೆ ಅವಳು ಬಸ್ಸು ಹತ್ತಿ ಕಂಪನಿಯ ಕಟ್ಟಡಕ್ಕೆ ಹೋಗಬೇಕಿತ್ತು. ಅಲ್ಲಿ ಗಾಜಿನ ಕೋಣೆಯ ಆಚೆ ಯಂತ್ರವನ್ನು ನೋಡಿಕೊಳ್ಳುತ್ತಿದ್ದವಳು ತಬಸ್ಸುಮ್, ಬಾಗಲಕೋಟೆಯ ಹುಡುಗಿ. ಗೋಡೆಯ ತುಂಬ ಪರದೆ, ಪರದೆಯ ತುಂಬ ಹಸಿರು ಗೆರೆ. ಶಂಕ್ರವ್ವನ ಗಂಟಲು ಒಂದು ಗೆರೆ, ಯಂತ್ರದ ದನಿ ಇನ್ನೊಂದು ಗೆರೆ.

ಅಂದು ಹಾಡುತ್ತಿದ್ದವಳು ನಡುವೆಯೇ ನಿಲ್ಲಿಸಿದಳು.

"ತಬಸ್ಸುಮಾ, ಒಂದು ಕೇಳ್ತೀನಿ. ನಮ್ಮಕ್ಕ ಕೊಕ್ಕಿ ಹಾಕ್ತಿದ್ಲು. ಇದು ಯಾಕ ಹಾಕವಲ್ದು?"

"ಕೊಕ್ಕಿ ಅಂದ್ರೇನು ಆಯಿ?"

"ಹಾಡಿನ ನಡುವ ದಾರಿ ತಪ್ಪಸೂದು. ಸೀರಿ ಪದ ಹಾಡಾಕತ್ತಾಕಿ, ಅದ ಧಾಟ್ಯಾಗ ಪಟ್ನ ಬ್ಯಾರೆ ಏನರ ಎತ್ತತಿದ್ಲು. ನಾ ಹಿಡೀಲಾಗ್ದ ತಡವರಿಸಿದ್ರ ರಾಟಿ ಬಿಟ್ಟು ನಗಾಕಿ. 'ಶಂಕ್ರೀ, ಮಲಗಿದ್ದೇನ?' ಅಂತಿದ್ಲು. ದಿನಕ್ಕ ಹತ್ತು ಸಲ. ಜೀವ ಹಿಂಡಿ ಹಾಕ್ತಿದ್ಲವ್ವಾ."

ತಬಸ್ಸುಮ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅದನ್ನ ನಾವ ತಗದೀವಿ ಆಯಿ. ಮುಂದಿನ ಮಾತು ಏನಂತ ಮಂದಿಗೆ ಗೊತ್ತಾದ್ರ ಅಂಕ ಬರ್ತೈತಿ. ಕೊಕ್ಕಿ ಹಾಕಿದ್ರ ಅವರ ಗಂಟಲಾ ತಪ್ಪತಾವು, ಅಂಕ ಬೀಳ್ತೈತಿ. ಅದಕ್ಕ." ಶಂಕ್ರವ್ವನ ಕೊರಳ ಕಡೆ ಬೆರಳು ತೋರಿಸಿದಳು. "ಇನ್ನೊಂದೂ ಐತಿ. ನಿಮ್ಮ ಕೊರಳಾಗಿನ ಪಟ್ಟಿ ನೋಡ್ರಿ. ನೀವು ಯಾವ ಸಾಲಿಗೆ ತಯಾರಾಗೀರಿ ಅಂತ ಅದು ಓದ್ತೈತಿ. ಯಂತ್ರ ಆ ಸಾಲನ್ನ ಎತ್ತತೈತಿ. ನೀವು ತಪ್ಪಬಾರ್ದು ಅಂತ ಹಂಗ ಮಾಡ್ಯಾರ."

ಶಂಕ್ರವ್ವ ಗೋಡೆಯ ಮೇಲಿನ ಎರಡು ಗೆರೆಗಳನ್ನು ನೋಡಿದಳು. ಅವಳದು ಏಳುತ್ತಿತ್ತು, ಹಿಂದೆಯೇ ಅಕ್ಕನದು ಏಳುತ್ತಿತ್ತು. ಯಾವಾಗಲೂ ಅವಳದೇ ಮೊದಲು.

"ಅಂದ್ರ ಇಷ್ಟ ದಿನ ಎತ್ತಾಕಿ ನಾನ?"

"ಹೂಂ ಆಯಿ."

"ಅಕ್ಕ ನನ್ನ ಮಾತು ಎಂದೂ ಕೇಳಿದಾಕಿ ಅಲ್ಲ" ಎಂದಳು ಶಂಕ್ರವ್ವ, ಬಹಳ ಮೆಲ್ಲಗೆ. "ಇದು ಒಂದ ಮಾತೂ ಮೀರಂಗಿಲ್ಲ."

ಮುದುಕಿಯ ಮುಖ ನೋಡಿ ತಬಸ್ಸುಮ್‌ಗೆ ತಡೆಯಲಾಗಲಿಲ್ಲ. ಅಧಿಕಾರಿಗೆ ಹೇಳದೆ ಆ ದಿನವೇ ಯಂತ್ರದಲ್ಲಿ ಕೊಕ್ಕೆ ಹಾಕುವುದನ್ನು ಮತ್ತೆ ಸೇರಿಸಿದಳು, ಪಟ್ಟಿಯ ಓದನ್ನು ನಿಲ್ಲಿಸಿದಳು. ಶಂಕ್ರವ್ವ ಕಣ್ಣು ಮುಚ್ಚಿ ಕೂತಳು. ಸೀರೆಯ ಪದದ ನಡುವೆ ಯಂತ್ರ ಸರಕ್ಕನೆ ಬಾವಿಯ ಪದಕ್ಕೆ ಹಾರಿತು. ಶಂಕ್ರವ್ವ ಹಿಡಿದಳು. ಬಾವಿಯಿಂದ ಕಣದಲ್ಲಿ ಹಾಡುವ ಹಂತಿಯ ಪದಕ್ಕೆ, ಅಲ್ಲಿಂದ ತೊಟ್ಟಿಲ ಪದಕ್ಕೆ. ಒಂದನ್ನೂ ಅವಳು ತಪ್ಪಲಿಲ್ಲ.

"ಹೆಂಗೈತಿ ಆಯಿ?"

"ಚಲೋ ಮಾಡೀಯವ್ವಾ. ಆದ್ರ ಇದಕ್ಕ ನಲವತ್ತೊಂದ ಪದ ಗೊತ್ತು." ಶಂಕ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಕ್ಕನ ಕೊಕ್ಕಿ ಪದದಾಗಿಂದ ಬರ್ತಿದ್ದಿಲ್ಲ. ಸುವರ್ಣಾ ಮುಖ ಊದಿಸಿಕೊಂಡು ಹ್ವಾದ್ರ ಅದು ಪದದಾಗ ಬರ್ತಿತ್ತು. ಬಾಗಲಾಗ ಬಳಿಗಾರ ಬಂದ್ರ ಅವನ ಹರಕ ಛತ್ರಿ ಬರ್ತಿತ್ತು. ಅವತ್ತಿಂದು ಅವತ್ತ ಬರ್ತಿತ್ತು. ಇದಕ್ಕ ಇವತ್ತಿಂದು ಏನೂ ಗೊತ್ತಿಲ್ಲ."

"ಇವತ್ತಿಂದು ಹೇಳಿದ್ರ ಅದನ್ನೂ ಕಲೀತೈತಿ."

"ಯಾರು ಹೇಳ್ಬೇಕು?"

"ನೀವ ಹೇಳ್ಬೇಕು ಆಯಿ" ಎಂದ ತಬಸ್ಸುಮ್ ತನ್ನ ಮಾತನ್ನು ತಾನೇ ಕೇಳಿಸಿಕೊಂಡು ತಲೆ ತಗ್ಗಿಸಿದಳು, ಯಂತ್ರವನ್ನು ಮೊದಲಿದ್ದಂತೆಯೇ ಮಾಡಿ ಕೊಟ್ಟಳು.

ಊರಿಗೆ ಬರುವಾಗ ಬಸ್ಸಿನಲ್ಲಿ ಶಂಕ್ರವ್ವ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡೇ ಬಂದಳು. ಬೇಡವೆಂದು ಬಿಟ್ಟುಬರಲು ಅವಳಿಗೆ ಆಗಲಿಲ್ಲ. ಸುಳ್ಳೆಂದು ತಿಳಿದ ಮೇಲೂ ದನಿ ಅಕ್ಕನದೇ ಅಲ್ಲವೆ? ಕುರುಡನು ದೇವರ ಮೂರ್ತಿಯನ್ನು ಕೈಯಿಂದ ಮುಟ್ಟಿ ನೋಡುವ ಹಾಗೆ ಅವಳು ಆ ಪೆಟ್ಟಿಗೆಯ ಮೇಲೆ ಆಗಾಗ ಕೈಯಾಡಿಸುತ್ತಿದ್ದಳು. ಗೆಲ್ಲಬೇಕು, ಪೆಟ್ಟಿಗೆ ಮನೆಯಲ್ಲಿಯೇ ಉಳಿಯಬೇಕು ಎಂಬ ಆಸೆ ಹಾಗೆಯೇ ಇತ್ತು. ತಾಯಿ ಬನಶಂಕರೀ, ಇದು ಆಸೆಯೋ ಪಾಪವೋ ನೀನೇ ಹೇಳು ಎಂದು ಅವಳು ಮನಸ್ಸಿನಲ್ಲಿ ಬೇಡಿಕೊಂಡಳು. ಕೊರಳಲ್ಲಿ ಪಟ್ಟಿ ಇನ್ನೂ ಇತ್ತು. ಮಡಿಲಲ್ಲಿದ್ದ ಪೆಟ್ಟಿಗೆ ಸಣ್ಣ ದನಿಯಲ್ಲಿ "ತಾಯಿ ಬನಶಂಕರೀ" ಎಂದಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ತಿರುಗಿ ನೋಡಿದಳು. ಶಂಕ್ರವ್ವ ಪಟ್ಟಿಯನ್ನು ಬಿಚ್ಚಿ ಚೀಲದಲ್ಲಿ ತುರುಕಿದಳು. ದೇವರಿಗೆ ಹೇಳಿಕೊಂಡದ್ದನ್ನು ಬೇರೊಬ್ಬರು ಎತ್ತಿ ಹಾಡುವುದು ಅವಳಿಗೆ ಸೇರಲಿಲ್ಲ.

ಸ್ಪರ್ಧೆಯ ಕೊನೆಯ ಸುತ್ತು ಜಾರ್ಜಿಯಾ ದೇಶದ ಟಿಬಿಲಿಸಿ ಎಂಬ ಊರಿನಲ್ಲಿ ಆಷಾಢದಲ್ಲಿ ನಡೆಯಿತು. ಶಂಕ್ರವ್ವನ ಜೊತೆಗೆ ಕುಲಗೋಡ, ತಬಸ್ಸುಮ್ ಇಬ್ಬರೂ ಹೋದರು. ವಿಮಾನದಲ್ಲಿ ಕೊಟ್ಟದ್ದೇನನ್ನೂ ಅವಳು ತಿನ್ನಲಿಲ್ಲ, ಸುವರ್ಣಾ ಕಟ್ಟಿಕೊಟ್ಟ ಖಡಕ್ ರೊಟ್ಟಿಯನ್ನು ನೀರಿನಲ್ಲಿ ಅದ್ದಿಕೊಂಡು ತಿಂದಳು. ವೇದಿಕೆಯ ಹಿಂದಿನ ಕೋಣೆಯಲ್ಲಿ ನಾನಾ ದೇಶದ ಹಾಡುಗಾರರು ಗೋಡೆಗೆ ಒರಗಿ ಕೂತಿದ್ದರು. ಎಲ್ಲರ ಕೊರಳಲ್ಲೂ ಪಟ್ಟಿ. ಯಾರ ಮುಖದಲ್ಲೂ ಹಾಡುವ ಸಂತೋಷವಿರಲಿಲ್ಲ, ಪರೀಕ್ಷೆಗೆ ಕೂತ ಮಕ್ಕಳಂತೆ ತುಟಿ ಅಲ್ಲಾಡಿಸುತ್ತ ತಮ್ಮ ತಮ್ಮ ಮಾತುಗಳನ್ನು ಉರುಹೊಡೆಯುತ್ತಿದ್ದರು.

"ಹೊಸದೇನೂ ಬ್ಯಾಡ್ರಿ ಶಂಕ್ರವ್ವನವರ" ಎಂದ ಕುಲಗೋಡ. ಅವನಿಗೂ ಮೂರು ದಿನದಿಂದ ನಿದ್ದೆಯಿರಲಿಲ್ಲ. "ಸೀರಿ ಪದ, ಮೂರ ನಿಮಿಷ. ಮುಂದಿದ್ದೀವಿ ನಾವು. ಕಾಶವ್ವನವರ ದನಿಗೆ ಜಗತ್ತಿನ ತುಂಬ ಶಿಷ್ಯರದಾರ. ಪೆಟ್ಟಿಗಿ ನಿಮ್ದ ಅಂತ ತಿಳೀರಿ."

ವೇದಿಕೆಯ ಮೇಲೆ ಬೆಳಕು ಎಷ್ಟಿತ್ತೆಂದರೆ ಎದುರಿಗೆ ಕೂತ ಒಬ್ಬರ ಮುಖವೂ ಕಾಣಲಿಲ್ಲ. ಮೇಲೆ ದೊಡ್ಡ ಫಲಕದಲ್ಲಿ ಅಂಕೆಗಳು. ಅವಳಿಗಾಗಿ ಚಾಪೆ ಹಾಸಿದ್ದರು, ಎದುರಿನ ಚಾಪೆಯ ಮೇಲೆ ಪೆಟ್ಟಿಗೆ.

"ಹಸರ ಸೀರಿಗಿ ಕೆಂಪು ಸೆರಗಿಟ್ಟು" ಎಂದಿತು ಅಕ್ಕನ ದನಿ.

ಫಲಕದಲ್ಲಿ ಅಂಕೆಗಳು ದಡಬಡನೆ ಏರಿದವು. ಎಲ್ಲ ದೇಶಗಳ ಗಂಟಲುಗಳೂ ಅವಳಿಗಿಂತ ಮೊದಲೇ ಅವಳ ಸಾಲನ್ನು ಹಿಡಿದಿದ್ದವು. ಶಂಕ್ರವ್ವನೂ ಹಿಡಿದಳು. ಎರಡನೆಯ ಸಾಲು, ಮೂರನೆಯ ಸಾಲು. ತಾನು ಬಾಯಿ ತೆರೆಯದಿದ್ದರೂ ಈ ಹಾಡು ನಡೆದುಹೋಗುತ್ತದೆ ಎಂದು ಅವಳಿಗೆ ತಟ್ಟನೆ ಅನಿಸಿತು. ಎತ್ತುವವಳು ಇಲ್ಲ. ಹಿಡಿಯುವವಳೂ ಬೇಕಿಲ್ಲ. ಮತ್ತೆ ಅಕ್ಕನನ್ನು ಇಷ್ಟು ದೂರ, ಈ ಬೆಳಕಿನಲ್ಲಿ, ಕಾಲು ಮಡಿಸಿ ಕೂಡಿಸಿ ಇಟ್ಟುಕೊಂಡದ್ದು ಯಾರ ಸಲುವಾಗಿ? ಎಂಟು ತಿಂಗಳು ಒಬ್ಬ ಮನುಷ್ಯ ಹೊಸ್ತಿಲ ಮೇಲೆ ಕೂತರೆ ಕಾಲು ಎಷ್ಟು ನೋಯಬಹುದು?

ಅವಳು ಪಟ್ಟಿಯನ್ನು ಬಿಚ್ಚಿ ಚಾಪೆಯ ಮೇಲಿಟ್ಟಳು.

ಪೆಟ್ಟಿಗೆ ಇನ್ನೊಮ್ಮೆ "ಹಸರ ಸೀರಿಗಿ" ಎಂದಿತು. ಓದಲು ಗಂಟಲು ಸಿಗದೆ ಅಲ್ಲಿಗೇ ನಿಂತಿತು. ಆ ನಿಶ್ಶಬ್ದದಲ್ಲಿ ಶಂಕ್ರವ್ವ ತನ್ನ ಜೀವಮಾನದಲ್ಲಿ ಮೊದಲ ಸಲ ಸಾಲು ಎತ್ತಿದಳು. ದನಿ ಒಡೆದಿತ್ತು.

"ಕೇಳವ್ವ ಅಕ್ಕ, ನಮ್ಮ ಮಗ್ಗ ಮಾರ್ಯಾರ."

ತಾನೇ ಹಿಡಿದಳು.

"ಮಗ್ಗದ ಕುಣಿಯಾಗ ಜ್ವಾಳದ ಚೀಲ ಇಟ್ಟಾರ."

ಏರುತ್ತಿದ್ದ ಅಂಕೆ ನಿಂತಿತು. ಮುಂದೇನೆಂದು ಲೋಕದಲ್ಲಿ ಒಂದು ಗಂಟಲಿಗೂ ಗೊತ್ತಿರಲಿಲ್ಲ.

"ಆಚಿಮನಿ ಸಿದ್ಲಿಂಗಪ್ಪ ತೀರಿಕೊಂಡಾನ."

"ಅವನ ಎಮ್ಮಿ ಮರುದಿನ ಹೆಣ್ಣಗರ ಹಾಕೈತಿ."

ತೆರೆಯ ಹಿಂದೆ ಕುಲಗೋಡ ಎರಡೂ ಕೈ ಬೀಸುತ್ತಿದ್ದುದು ಅವಳ ಕಣ್ಣಂಚಿಗೆ ಕಂಡಿತು. ಅವಳು ಅತ್ತ ನೋಡಲಿಲ್ಲ. ಎಂಟು ತಿಂಗಳ ಸುದ್ದಿ ಬಹಳ ಇತ್ತು, ಹೊತ್ತು ಕಡಿಮೆಯಿತ್ತು.

"ನಿನ್ನ ಸೊಸಿ ಬಚ್ಚಲದಾಗ ನಳ ಬಿಟ್ಟು ಅಳತಾಳ."

"ನೀರಿನ ಸಪ್ಪಳದಾಗ ಕೇಳಸಂಗಿಲ್ಲ ಅನಕೊಂಡಾಳ."

ಮತ್ತೂ ನಾಲ್ಕಾರು ಸಾಲು ಹಾಡಿ, ಕೊನೆಗೆ "ಇಷ್ಟ ಅಕ್ಕ, ಹೇಳಾಕ ಇನ್ನೇನಿಲ್ಲ" ಎಂದು ನಿಲ್ಲಿಸಿದಳು. ಪದ್ಧತಿಯಂತೆ ತುಸು ಹೊತ್ತು ಕಿವಿಗೊಟ್ಟು ಕೂತಳು. ಆಮೇಲೆ ನೆಲಕ್ಕೆ ಹಣೆ ಮುಟ್ಟಿಸಿ ಎದ್ದಳು.

ಫಲಕದ ಪಟ್ಟಿಯಲ್ಲಿ ಕನ್ನಡದ ಹೆಸರು ಎಲ್ಲಕ್ಕಿಂತ ಕೆಳಗೆ, ಮೂವತ್ತಾರನೆಯದಾಗಿತ್ತು.

ಕುಲಗೋಡ ಬೈಯಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತು, "ಹಿಂಗ್ಯಾಕ ಮಾಡಿದ್ರಿ?" ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಫೋನು ಹಿಡಿದು ಹೊರಗೆ ಹೋದ. ತಬಸ್ಸುಮ್ ಪೆಟ್ಟಿಗೆಯನ್ನು ಎತ್ತಿಕೊಂಡು ಬಂದಳು. ಬಾಗಿಲು ಹಾಕಿ ಪಿಸುದನಿಯಲ್ಲಿ ಹೇಳಿದಳು.

"ಆಯಿ, ಇದು ವಾಪಸ್ ಹೋಗ್ತೈತಿ. ಆದ್ರ ದನಿ ಒಂದು ನಕಲು ತಗದು ನಿಮ್ಮ ಫೋನಿನ್ಯಾಗ ಹಾಕಿಕೊಡ್ಲೇನು? ಯಾರಿಗೂ ಗೊತ್ತಾಗಂಗಿಲ್ಲ."

"ಬ್ಯಾಡವ್ವಾ."

"ಹಂಗಾದ್ರ ಅಳಿಸಿಬಿಡಂತ ಅರ್ಜಿ ಕೊಡ್ರಿ. ಮನಿಯವರು ಕೊಟ್ರ ಪಾಠದಾಗಿಂದನೂ ತಗೀತಾರ."

ಶಂಕ್ರವ್ವ ಯೋಚಿಸಿದಳು. "ಅದೂ ಬ್ಯಾಡ. ಮಂದಿಗೆ ಮಾತ ಕಲಿಸ್ಲಿ, ಪುಣ್ಯದ ಕೆಲಸ. ಇದು ಮನಿ, ಇದು ನೀರು, ಇದು ರೊಟ್ಟಿ ಅಂತ ಹೇಳಿಕೊಡ್ಲಿ. ನನ್ನ ಜೋಡಿ ಮಾತ್ರ ಹಾಡೂದು ಬ್ಯಾಡ." ಗೋಡೆಗೆ ಒರಗಿದಳು. "ನನಗ ಭಾಳ ದಣಿವಾಗೈತಿ. ಇಲ್ಲೇ ಒಂದೀಟು ಅಡ್ಡಾಗ್ಲೇನು?"

ಆ ಕೋಣೆಯ ನೆಲದ ಮೇಲೆ, ನಾನಾ ದೇಶದ ಹಾಡುಗಾರರ ಕಾಲುಗಳ ನಡುವೆ, ಅವಳು ಸೆರಗು ಹೊದ್ದು ಮಲಗಿದಳು. ಎಂಟು ತಿಂಗಳಲ್ಲಿ ಅಂಥ ನಿದ್ದೆ ಬಂದಿರಲಿಲ್ಲ.

ಇಲಕಲ್ಲಿಗೆ ಬಂದು ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಸುವರ್ಣಾ ಬಾಗಿಲಿಗೆ ಬಂದು ಕಾಲಿಗೆ ನೀರು ಕೊಟ್ಟಳು. ಚಹಾ ತಂದಿಟ್ಟಳು. ಕೊನೆಗೆ ಗೋಡೆಯ ಕಡೆ ನೋಡುತ್ತ ಹೇಳಿದಳು.

"ಇಡೀ ಓಣಿ ಟೀವಿ ಮುಂದ ಕುಂತಿತ್ತು. ಬಚ್ಚಲದ್ದು ಯಾಕ ಹಾಡಿದಿ ಚಿಗವ್ವಾ? ಎಲ್ಲಾರೂ ತಿರುಗಿ ನನ್ನ ಮುಖಾ ನೋಡಿದ್ರು."

"ಅಕ್ಕಗ ಗೊತ್ತಾಗಬೇಕಿತ್ತಲ್ಲ."

"ಜೀವಂತ ಇದ್ದಾಗ ದಿನಾ ಜಗಳ. ನಾ ಅಳ್ತೀನಿ ಅಂದ್ರ ನಂಬ್ತಾಳೇನು ಆಕಿ?"

"ನಂಬಲಾರ್ದಕ್ಕನ ಹಾಡಿ ಹೇಳಿದೆ. ಪದದಾಗ ಸುಳ್ಳು ಹೇಳಾಕ ಬರಂಗಿಲ್ಲ ಅಂತ ಆಕಿಗೆ ಗೊತ್ತೈತಿ."

ಸುವರ್ಣಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಳದ ಸಪ್ಪಳವಿಲ್ಲದೆ ಅತ್ತದ್ದು ಅದೇ ಮೊದಲು. ಶಂಕ್ರವ್ವ ತಡೆಯಲಿಲ್ಲ, ಚಹಾ ಕುಡಿಯುತ್ತ ಕೂತಳು. ಬಹಳ ಹೊತ್ತಿನ ಮೇಲೆ ಸುವರ್ಣಾ ಮೂಗು ಒರೆಸಿಕೊಂಡು ಕೇಳಿದಳು.

"ಅಷ್ಟು ದೂರದಿಂದ ಹಾಡಿದಿ. ಅತ್ತಿಗೆ ಕೇಳಿಸಿರ್ತೈತೇನು?"

"ಹಾಡಿ ಮುಗಿಸಿ ಕಿವಿಗೊಟ್ಟು ಕುಂತಿದ್ದೆ" ಎಂದಳು ಶಂಕ್ರವ್ವ. "ಏನೂ ಜವಾಬು ಬರಲಿಲ್ಲ."

ಸುವರ್ಣಾಳ ಮುಖ ಬಾಡಿತು.

"ಅಯ್ಯ ಹುಚ್ಚಿ, ಹೊಸ್ತಿಲದ ಮ್ಯಾಲಿದ್ದಿದ್ರ ಸುಮ್ಮನ ಇರಾಕೀನ ಆಕಿ? ಒಂದು ಕೊಕ್ಕಿ ಹಾಕಿರ್ತಿದ್ಲು." ಶಂಕ್ರವ್ವ ಬಟ್ಟಲನ್ನು ಕೆಳಗಿಟ್ಟಳು. "ಹೋಗಿ ಮುಟ್ಯಾಳ."